ತಳಕಲ್ಲಿನಲ್ಲಿ ಜಲಜನಕದ ಪರೀಕ್ಷೆಯಾಗಲಿ

ಕೊಪ್ಪಳ ಜಿಲ್ಲೆಯ ಕುಕನೂರು, ಯಲಬುರ್ಗಾ ಭಾಗದ ಎರೆಹೊಲಗಳಲ್ಲಿ ಜೋಳ, ಕಡಲೆಯ ನಡುವೆ ಈಗ ಗಾಳಿ ವಿದ್ಯುತ್ ಯಂತ್ರಗಳು ತಿರುಗುತ್ತಿವೆ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಜಿಂದಾಲ್ ಉಕ್ಕು ಕಾರ್ಖಾನೆಗೆ ವರ್ಷಕ್ಕೆ 3,800 ಟನ್ ಹಸಿರು ಜಲಜನಕ ಒದಗಿಸುವ ಒಪ್ಪಂದವಾಗಿದೆ. ಕೇಂದ್ರ ಸಂಪುಟ 2023ರ ಜನವರಿಯಲ್ಲಿ ಒಪ್ಪಿದ 19,744 ಕೋಟಿ ರೂಪಾಯಿಯ ಹಸಿರು ಜಲಜನಕ ಮಿಷನ್‌ಗೆ 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ತಯಾರಿಸುವ ಗುರಿ. ಗಾಳಿ ನಮ್ಮದು, ಗಿರಾಕಿಯೂ ನೆರೆಯವನೇ. ಲೋಹ ಮಾತ್ರ ಹೊರಗಿನಿಂದ ಬರಬೇಕು.

ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕ ತೆಗೆಯುವ, ಗಾಳಿಯ ಏರಿಳಿತಕ್ಕೆ ಚುರುಕಾಗಿ ಹೊಂದಿಕೊಳ್ಳುವ ‘ಪೆಮ್’ ಎಲೆಕ್ಟ್ರೊಲೈಸರ್‌ಗೆ ವೇಗವರ್ಧಕವಾಗಿ ಪ್ಲಾಟಿನಂ, ಇರಿಡಿಯಂ ಬೇಕು. ಇರಿಡಿಯಂ ಇಡೀ ಜಗತ್ತಿನಲ್ಲಿ ವರ್ಷಕ್ಕೆ ಹತ್ತು ಟನ್ ಕೂಡ ಸಿಗುವುದಿಲ್ಲ. ಬಹುಪಾಲು ದಕ್ಷಿಣ ಆಫ್ರಿಕಾದ್ದು. ಹಾಗಾಗಿ ಕಡಿಮೆ ಲೋಹದಲ್ಲಿ ಹೆಚ್ಚು ಕೆಲಸ ತೆಗೆಯುವ ದಾರಿ ಹುಡುಕುತ್ತಿರುವ ರಸಾಯನ ವಿಜ್ಞಾನಿಗಳ ಕಣ್ಣು ರಂಧ್ರಮಯ ಪಾಲಿಮರ್‌ಗಳ ಮೇಲೆ ಬಿದ್ದಿದೆ. ಇಂಥ ಕೆಲವು ಪಾಲಿಮರ್‌ಗಳ ಒಂದೇ ಗ್ರಾಂ ಪುಡಿಯ ಒಳಮೈ ಬಿಡಿಸಿದರೆ ಸಾವಿರ ಚದರ ಮೀಟರ್, ಅಂದರೆ ಸುಮಾರು ಹತ್ತು ಗುಂಟೆ. ಅಲ್ಲಿನ ಸಾರಜನಕದ ಪರಮಾಣುಗಳು ಲೋಹದ ಪರಮಾಣುಗಳನ್ನು ಬಿಡಿಬಿಡಿಯಾಗಿ ಹಿಡಿದಿಡುತ್ತವೆ. ಅವು ಗಂಟುಕಟ್ಟದೆ ಪ್ರತಿಯೊಂದೂ ದುಡಿಯುತ್ತದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ತಪಸ್ ಕುಮಾರ್ ಮಾಜಿ ಅವರ ತಂಡ ಬೆಳಕು ಬಳಸಿ ಜಲಜನಕ ಬಿಡಿಸುವ ಇಂಥ ವಸ್ತುಗಳ ಮೇಲೆ ಕೆಲಸ ಮಾಡಿದೆ.

ವಿಜ್ಞಾನ ಸೊಗಸಾಗಿದೆ. ತಕರಾರು ಇರುವುದು ಈ ಕ್ಷೇತ್ರದ ಲೆಕ್ಕ ಇಡುವ ರೀತಿಯ ಬಗ್ಗೆ. ಪ್ರಬಂಧಗಳಲ್ಲಿ ಮೆರೆಯುವುದು ಮೊದಲ ಕೆಲವು ತಾಸುಗಳ ವೇಗ. ಕಾರ್ಖಾನೆಗೆ ಬೇಕಾದದ್ದು ವರ್ಷಗಟ್ಟಲೆ ಬಾಳಿಕೆ. ಬೆಳಕಿನ ಪ್ರಯೋಗಗಳಲ್ಲಿ ಎಲೆಕ್ಟ್ರಾನ್ ಒದಗಿಸಲೆಂದು ಸುರಿಯುವ ರಾಸಾಯನಿಕದ ಬೆಲೆ ಎಷ್ಟೋ ಸಲ ಹುಟ್ಟುವ ಜಲಜನಕದ ಬೆಲೆಗಿಂತ ಹೆಚ್ಚು. ಪಾಲಿಮರ್‌ನ ಹಿಡಿತ ಸಡಿಲಿ ಲೋಹ ದ್ರವಕ್ಕೆ ಇಳಿಯುವುದೂ ಉಂಟು. ಪುಡಿಯನ್ನು ಸೋಸಿ ತೆಗೆದ ಮೇಲೂ ಕ್ರಿಯೆ ಮುಂದುವರಿದರೆ ಗುಟ್ಟು ರಟ್ಟಾಗುತ್ತದೆ. ಅಷ್ಟು ಸರಳ ಪರೀಕ್ಷೆಯನ್ನೂ ಎಲ್ಲರೂ ಮಾಡುವುದಿಲ್ಲ.

ಇನ್ನು ನೀರು. ಒಂದು ಕಿಲೊ ಜಲಜನಕಕ್ಕೆ ಕ್ರಿಯೆಯಲ್ಲಿ ಒಂಬತ್ತು ಲೀಟರ್ ಬಳಕೆಯಾಗುತ್ತದೆ. 3,800 ಟನ್ನಿಗೆ ಸುಮಾರು 3.4 ಕೋಟಿ ಲೀಟರ್. ಉಕ್ಕಿನ ಕಾರ್ಖಾನೆ ಕುಡಿಯುವ ನೀರಿನ ಮುಂದೆ ಇದು ಅಲ್ಪ. ಪ್ರಮಾಣಕ್ಕಿಂತ ಗುಣವೇ ಕಷ್ಟ. ಯಲಬುರ್ಗಾ, ಕುಷ್ಟಗಿ ಸೀಮೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್, ಗಡಸುತನ, ಉಪ್ಪು ಇವೆ. ಕ್ಯಾಲ್ಸಿಯಂ, ಕ್ಲೋರೈಡ್‌ಗಳು ಎಲೆಕ್ಟ್ರೊಲೈಸರಿನ ವೇಗವರ್ಧಕವನ್ನೂ ಪೊರೆಯನ್ನೂ ಕೆಡಿಸುತ್ತವೆ. ಊರೂರಿನ ಶುದ್ಧ ನೀರಿನ ಘಟಕ ಎಷ್ಟು ದಿನ ಸರಿಯಾಗಿ ನಡೆಯುತ್ತದೆಂದು ಬಲ್ಲವರಿಗೆ, ಶುದ್ಧೀಕರಿಸಿದರಾಯಿತು ಎಂಬ ಮಾತು ಎಷ್ಟು ಹಗುರವೆಂದು ಗೊತ್ತು.

ಇದನ್ನೆಲ್ಲ ಪರೀಕ್ಷಿಸಲು ಕುಕನೂರು ತಾಲ್ಲೂಕಿನ ತಳಕಲ್‌ಗಿಂತ ಒಳ್ಳೆಯ ಜಾಗ ಕಾಣೆ. ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಅಲ್ಲಿದೆ. 2023ರಲ್ಲಿ ಶುರುವಾದ ಕೊಪ್ಪಳ ವಿಶ್ವವಿದ್ಯಾಲಯವೂ ಅಲ್ಲೇ. 2025ರಲ್ಲಿ ಮುಚ್ಚಬೇಕೆಂಬ ಪಟ್ಟಿಗೆ ಸೇರಿದ್ದ ವಿಶ್ವವಿದ್ಯಾಲಯಗಳಲ್ಲಿ ಇದೂ ಒಂದು. ಮುಚ್ಚುವ ಮೊದಲು ಕೆಲಸ ಕೊಟ್ಟು ನೋಡಬಹುದಲ್ಲ! ಲೋಹ ಹಿಡಿದ ಪಾಲಿಮರ್ ಪುಡಿ, ಇಲ್ಲಿನ ಬೋರ್ ನೀರು, ಇಲ್ಲಿನ ಗಾಳಿಯ ಏರಿಳಿತದ ವಿದ್ಯುತ್: ಮೂರನ್ನೂ ಒಂದೇ ಮೇಜಿಗೆ ತಂದು ಒಂದು ವರ್ಷ ಓಡಿಸಲಿ. ಖರ್ಚನ್ನು ಜಲಜನಕದ ಸಹಾಯಧನ ಪಡೆಯುವ ಕಂಪನಿಗಳ ಮೇಲೆ ಹಾಕಲಿ. ಕೆಟ್ಟು ನಿಂತ ದಿನಗಳ ಲೆಕ್ಕವನ್ನೂ ಬಿಡದೆ ಪ್ರಕಟಿಸಲಿ.