ಹೆದರಲು ಒಂದಿಷ್ಟು ಜಾಗ ಕೊಡಿ

ಬೆಂಗಳೂರಿನ ವಿಜಯನಗರದಲ್ಲಿ ರೂಮು ಮಾಡಿಕೊಂಡು ಎಫ್‌ಡಿಎ ಪರೀಕ್ಷೆಗೆ ಓದುತ್ತಿದ್ದೆ. ಕುತ್ತಿಗೆಯ ಎಡಭಾಗದಲ್ಲಿ ಒಂದು ಗಂಟು ಕಾಣಿಸಿತು. ನೋವಿರಲಿಲ್ಲ. ಸಂಜೆ ಜ್ವರ, ರಾತ್ರಿ ಬೆವರು. ಊರಿಗೆ ಹೋದೆ. ಅಲ್ಲಿನ ಡಾಕ್ಟರು ಕ್ಷಯ ಇರಬಹುದೆಂದು ಮಾತ್ರೆ ಕೊಟ್ಟರು. ಮೂರು ತಿಂಗಳಾದರೂ ಗಂಟು ಕರಗಲಿಲ್ಲ, ನಾನು ಕರಗಿದೆ. ಕೊನೆಗೆ ಬೆಂಗಳೂರಿನಲ್ಲಿ ಬಯಾಪ್ಸಿ ಮಾಡಿಸಿದಾಗ ಗೊತ್ತಾಯಿತು: ಹಾಡ್ಜ್‌ಕಿನ್ ಲಿಂಫೋಮಾ, ಮೂರನೇ ಹಂತ. ಆಗ ನನಗೆ 23 ವರ್ಷ.

ನಿಮ್ಮ ವಯಸ್ಸಿನವರಲ್ಲಿ ಇದು ಕಾಣಿಸಿಕೊಳ್ಳುತ್ತದೆ, ಚಿಕಿತ್ಸೆಗೆ ಚೆನ್ನಾಗಿ ಸ್ಪಂದಿಸುವ ಕ್ಯಾನ್ಸರ್ ಇದು ಎಂದರು ಡಾಕ್ಟರು. ನನ್ನ ಕಿವಿಗೆ ಬಿದ್ದದ್ದು ಕ್ಯಾನ್ಸರ್ ಎಂಬ ಪದ ಮಾತ್ರ. ಆಮೇಲೆ ಅವರು ಹೇಳಿದ್ದೇನೂ ತಲೆಗೆ ಹೋಗಲಿಲ್ಲ. ಪಕ್ಕದಲ್ಲಿ ಅಪ್ಪ ತಲೆಯಾಡಿಸುತ್ತಿದ್ದರು. ಅವರಿಗೂ ಏನೂ ಹೋಗಿರಲಿಲ್ಲ ಎಂಬುದು ವಾಪಸ್ ಬರುವಾಗ ರೈಲಿನಲ್ಲಿ ತಿಳಿಯಿತು. (ಎರಡನೇ ಸಲ ಪ್ರಶ್ನೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋದೆವು. ಮೊದಲ ದಿನವೇ ಎಲ್ಲವೂ ಅರ್ಥವಾಗಬೇಕು ಎಂದು ಯಾರೂ ಒದ್ದಾಡಬೇಕಿಲ್ಲ.)

ಮನೆಯಲ್ಲಿ ಮೊದಲು ಆದ ತೀರ್ಮಾನ ಔಷಧಿಯದ್ದಲ್ಲ, ಗುಟ್ಟಿನದ್ದು. 'ಮದುವೆ ಆಗಬೇಕಾದ ಹುಡುಗಿ, ಹೊರಗೆ ಬಾಯಿ ಬಿಡಬೇಡಿ' ಎಂದರು ದೊಡ್ಡಮ್ಮ. ಊರಿಗೆಲ್ಲ ಕಾಮಾಲೆ ಅಂತ ಹೇಳಿಯಾಯಿತು. ಮೂರು ಮನೆಗಳಿಂದ ನೆಲನೆಲ್ಲಿ ಕಷಾಯ ಬಂತು! ಎರಡನೇ ಕಿಮೋ ಮುಗಿದು ಕೂದಲು ಉದುರಿದ ಮೇಲೆ ಕಷಾಯ ನಿಂತಿತು, ಉಪದೇಶ ಶುರುವಾಯಿತು.

'ಧೈರ್ಯವಾಗಿರಮ್ಮ.' ಬಂದವರೆಲ್ಲರದ್ದೂ ಇದೇ ಮಾತು. 'ಯುವರಾಜ್ ಸಿಂಗ್ ನೋಡು, ಕ್ಯಾನ್ಸರ್ ಗೆದ್ದು ಮತ್ತೆ ಆಡಲಿಲ್ಲವಾ?' ಹೌದು, ಆಡಿದರು. 2011ರ ವಿಶ್ವಕಪ್‌ನ ಸರಣಿಶ್ರೇಷ್ಠ ಅವರು. ನಾನು ಎಫ್‌ಡಿಎಯಲ್ಲಿ ಎರಡು ಸಲ ಡುಮ್ಕಿ ಹೊಡೆದವಳು. 'ನೀನೇ ಅತ್ತರೆ ನಿಮ್ಮಮ್ಮನ ಗತಿ ಏನು?' ಎಂದು ದೊಡ್ಡಮ್ಮ ಕೇಳಿದ ಮೇಲಂತೂ ನಟನೆಗೆ ಇಳಿದೆ. ಹಗಲೆಲ್ಲ ನಗುಮುಖ, ರಾತ್ರಿ ಬಚ್ಚಲಲ್ಲಿ ನಲ್ಲಿ ತಿರುಗಿಸಿಟ್ಟು ಅಳು. ಅಮ್ಮ ಅಡುಗೆಮನೆಯಲ್ಲಿ ಕುಕ್ಕರ್ ಕೂಗುವಾಗ ಅಳುತ್ತಿದ್ದಳು. ನನಗದು ಗೊತ್ತಿತ್ತು, ನನ್ನದು ಅವಳಿಗೂ ಗೊತ್ತಿತ್ತು. ಒಂದೇ ಸೂರಿನಡಿ ಇಬ್ಬರೂ ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಂಡು ತಿಂಗಳು ಕಳೆದೆವು.

ನನ್ನನ್ನು ನಿಜವಾಗಿ ಕೊರೆಯುತ್ತಿದ್ದದ್ದು ಇನ್ನೊಂದು. ಧೈರ್ಯ ಇದ್ದವರು ಉಳಿಯುತ್ತಾರೆ ಎಂದಾದರೆ, ಹೆದರಿ ಹೆದರಿ ನಾನೇ ನನ್ನ ಕಾಯಿಲೆ ಹೆಚ್ಚಿಸಿಕೊಳ್ಳುತ್ತಿದ್ದೇನೆಯೇ? ಹುಡುಕಿ ಓದಿದೆ. 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ಪರಾಮರ್ಶೆ ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದೆ. ಹೋರಾಟದ ಮನೋಭಾವದಿಂದ ರೋಗಿಯ ಆಯಸ್ಸು ಹೆಚ್ಚುತ್ತದೆ ಎನ್ನಲು ಗಟ್ಟಿ ಆಧಾರ ಅದಕ್ಕೆ ಸಿಕ್ಕಿಲ್ಲ. ಅದನ್ನು ಓದಿದ ದಿನ ಎಷ್ಟು ಹಗುರಾಯಿತು ಅಂತ ಹೇಳಲಾರೆ. ಕೆಲಸ ಮಾಡಬೇಕಾದದ್ದು ಔಷಧಿ. ನಾನು ಮಾಡಬೇಕಾದದ್ದು ಹದಿನೈದು ದಿನಕ್ಕೊಮ್ಮೆ ತಪ್ಪದೆ ಹೋಗಿ ಕೈಚಾಚುವುದು. ಅಳುತ್ತಾ ಚಾಚಿದರೂ ನಡೆಯುತ್ತದೆ.

ಹಾಗಂತ ಮನಸ್ಸನ್ನು ಹಾಗೇ ಬಿಡಿ ಎನ್ನುತ್ತಿಲ್ಲ. ಕೆಂಪು ಬಣ್ಣದ ಆ ಕಿಮೋ ಔಷಧಿಯಿಂದಾಗಿ ಕೆಂಪು ಶರಬತ್ತು ಕಂಡರೂ ನನಗೆ ವಾಂತಿ ಬರುತ್ತಿತ್ತು. ಆಸ್ಪತ್ರೆಗೆ ಹೋಗುವ ಹಿಂದಿನ ರಾತ್ರಿಯೇ ಹೊಟ್ಟೆ ತೊಳಸುತ್ತಿತ್ತು. ಇದೂ ಹಲವರಿಗೆ ಆಗುತ್ತದೆ, ಇದಕ್ಕೂ ಸಹಾಯವಿದೆ ಎಂದು ಹೇಳಿದ್ದು ಕೌನ್ಸೆಲರ್. ಕಳೆದ ವಾರದ ಸಂಕಟಕ್ಕೆ ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡಿ ಎಂದರು. ಎಂಟು ಅಂದೆ. ನಾಲ್ಕು ಅಥವಾ ಅದಕ್ಕಿಂತ ಹೆಚ್ಚಾದರೆ ಕೂತು ಮಾತಾಡಲೇಬೇಕಂತೆ. ಬೆಂಗಳೂರಿನಲ್ಲಿ ಕಿದ್ವಾಯಿ, ನಿಮ್ಹಾನ್ಸ್ ಅಕ್ಕಪಕ್ಕದಲ್ಲೇ ಇವೆ. ಮೊದಲನೆಯದಕ್ಕೆ ಹೊಲ ಮಾರಿಯಾದರೂ ಬರುವ ನಾವು ಎರಡನೆಯದರ ಹೆಸರೆತ್ತಿದರೆ 'ನನಗೇನು ಹುಚ್ಚೇ?' ಎನ್ನುತ್ತೇವೆ. ಅಲ್ಲಿಗೆ ಹೋಗಲು ಹಿಂಜರಿಕೆಯಾದರೆ ಸರ್ಕಾರದ ಟೆಲಿ ಮಾನಸ್ ಇದೆ, 14416. ಉಚಿತ, ಕನ್ನಡದಲ್ಲೇ ಮಾತಾಡಬಹುದು, ನಡುರಾತ್ರಿಯಲ್ಲೂ.

ನಾಲ್ಕನೇ ಕಿಮೋ ದಿನ ನನ್ನ ರೂಮ್‌ಮೇಟ್ ಆಸ್ಪತ್ರೆಗೆ ಬಂದಳು. ಹಣ್ಣು ತರಲಿಲ್ಲ, ಧೈರ್ಯವನ್ನೂ ತರಲಿಲ್ಲ. ಡ್ರಿಪ್ ಹಾಕಿದ ಮೇಲೆ 'ಭಯ ಆಗ್ತಿದೆಯೇನೇ?' ಎಂದು ಕೇಳಿದಳು. ಅಲ್ಲಿಯವರೆಗೆ ಯಾರೂ ಕೇಳಿರದ ಪ್ರಶ್ನೆ. 'ಹೂಂ' ಅಂದೆ. 'ನಂಗೂ' ಅಂದಳು. ಇಬ್ಬರೂ ಅತ್ತೆವು. ನರ್ಸ್ ಬಂದು ನೋಡಿ ಸುಮ್ಮನೆ ಹೋದರು. ಆಮೇಲೆ ಅವಳು ಬ್ಯಾಗಿನಿಂದ ಜಿಕೆ ನೋಟ್ಸ್ ತೆಗೆದು ಪ್ರಶ್ನೆ ಕೇಳಲು ಶುರು ಮಾಡಿದಳು. ಅರ್ಧಕ್ಕರ್ಧ ತಪ್ಪು ಹೇಳಿದೆ. ಊರಿಗೆ ಹೋದ ರಾತ್ರಿ ಅಮ್ಮನ ಪಕ್ಕ ಮಲಗಿ 'ಅಮ್ಮಾ, ನಂಗೆ ಸತ್ತುಹೋಗ್ತೀನಿ ಅಂತ ಭಯ' ಎಂದೆ. ಅವಳು 'ಹಂಗನ್ನಬೇಡ' ಎನ್ನಲಿಲ್ಲ. ತಬ್ಬಿಕೊಂಡು ಜೋರಾಗಿ ಅತ್ತಳು. ಎಷ್ಟೋ ವಾರಗಳ ನಂತರ ಅವತ್ತು ಇಬ್ಬರಿಗೂ ನಿದ್ದೆ ಬಂತು.

ಹನ್ನೆರಡು ಕಿಮೋ ಮುಗಿದಿವೆ. ವಿಜಯನಗರದ ರೂಮಿಗೆ ವಾಪಸಾಗಿದ್ದೇನೆ. ಅರ್ಜಿಗೆ ಹಾಕಿದ್ದು ಉದ್ದ ಜಡೆಯ ಹಳೆಯ ಫೋಟೊ. ಪರೀಕ್ಷಾ ಕೊಠಡಿಯಲ್ಲಿ ಈ ಗಿಡ್ಡ ಕೂದಲು ನೋಡಿ ಏನನ್ನುತ್ತಾರೋ! ಮುಂದಿನ ವಾರ ಸ್ಕ್ಯಾನ್. ಭಯ ಇದೆ. ನಿನ್ನೆ ಅಪ್ಪ ಫೋನ್ ಮಾಡಿದ್ದರು. 'ಹೆದರಬೇಡ' ಎನ್ನಲಿಲ್ಲ. 'ಹಿಂದಿನ ದಿನವೇ ಬರ್ತೀನಿ ಮಗಳೇ, ನಂಗೂ ಇಲ್ಲಿ ಒಬ್ಬನೇ ಇರೋಕಾಗಲ್ಲ' ಅಂದರು.