ಶೇಕಡಾ ಪಟ್ಟಿ ಬೇಡ, ಮಾಡಿದ ಕೆಲಸ ತೋರಿಸಿ

ಪಿಯುಸಿ ಮುಗಿಸಿ ಬಿಸಿಎ ಸೇರಬೇಕೆನ್ನುವ ನಮ್ಮಲ್ಲಿ ಹಲವರಿಗೆ, ಓದುತ್ತಲೇ ವೆಬ್‌ಸೈಟ್ ಮಾಡಿಕೊಟ್ಟು ಮನೆಗೆ ನಾಲ್ಕು ಕಾಸು ನೆರವಾಗುವ ಆಸೆಯಿದೆ. ಅದಕ್ಕೆ ಮೊದಲ ಹೆಜ್ಜೆ ತಮ್ಮದೇ ಪೋರ್ಟ್‌ಫೋಲಿಯೊ ಸೈಟ್. ಆದರೆ ಅಂಥ ಸೈಟುಗಳು ಹೆಚ್ಚಾಗಿ ಒಂದೇ ತರಹ ಇರುತ್ತವೆ: ಕಪ್ಪು ಹಿನ್ನೆಲೆ, ಲ್ಯಾಪ್‌ಟಾಪ್ ಚಿತ್ರ, ಕೆಳಗೆ ‘ಎಚ್‌ಟಿಎಂಎಲ್ ಶೇ. 90, ಸಿಎಸ್‌ಎಸ್ ಶೇ. 85’ ಎಂಬ ಪಟ್ಟಿ. ಈ ಅಂಕ ಕೊಟ್ಟವರು ಯಾರು? ಪರೀಕ್ಷೆ ಬರೆದವರೇ!

ರೋಣದ ಅಂಗಡಿಯವರಿಗಾಗಲಿ ನರಗುಂದದ ಬೀಜ-ಗೊಬ್ಬರದ ವ್ಯಾಪಾರಿಗಾಗಲಿ ಆ ಅಂಕ ಬೇಕಿಲ್ಲ. ಅವರ ಪ್ರಶ್ನೆ ಮೂರೇ: ನನ್ನಂಥವರಿಗೆ ಏನು ಮಾಡಿಕೊಟ್ಟಿದ್ದೀಯಪ್ಪಾ? ಎಷ್ಟಾಗುತ್ತದೆ? ನಾಳೆ ಕೆಟ್ಟರೆ ಯಾರನ್ನು ಕೇಳಲಿ? ಸೈಟಿನ ಮೊದಲ ಪುಟದಲ್ಲೇ ಈ ಮೂರಕ್ಕೂ ಉತ್ತರ ಸಿಗಬೇಕು.

ಗಜೇಂದ್ರಗಡದ ಪಟ್ಟೇದ ಅಂಚು ಸೀರೆಯನ್ನೇ ತೆಗೆದುಕೊಳ್ಳಿ. ಒಬ್ಬ ನೇಕಾರರಿಗಾಗಿ ಒಂದೇ ಪುಟ ಮಾಡಿ. ಹಗಲು ಬೆಳಕಿನಲ್ಲಿ ತೆಗೆದ ಫೋಟೊ, ಸೀರೆಯ ಉದ್ದ, ನೂಲು, ಒಗೆಯುವ ಬಗೆ, ಬೆಲೆ, ಒಂದು ವಾಟ್ಸಾಪ್ ಗುಂಡಿ, ಇಷ್ಟು ಸಾಕು. ಹತ್ತು ಶೇಕಡಾ ಪಟ್ಟಿಗಳು ಹೇಳದ್ದನ್ನು ಆ ಒಂದು ಪುಟ ಹೇಳುತ್ತದೆ. ಇನ್ನೂ ಯಾರೂ ಕೆಲಸ ಕೊಟ್ಟಿಲ್ಲವೇ? ಮಾದರಿ ಪುಟ ಮಾಡಿ, ಮೇಲೆ ‘ಇದು ಮಾದರಿ’ ಎಂದು ಬರೆಯಿರಿ. ಬೇರೆಯವರ ಟೆಂಪ್ಲೇಟಿಗೆ ಹೆಸರು ಬದಲಿಸಿ ‘ನನ್ನ ಕೆಲಸ’ ಎನ್ನುವುದು ತೂಕದಲ್ಲಿ ಮೋಸ ಮಾಡಿದಂತೆ.

ತಾಂತ್ರಿಕವಾಗಿ ಎರಡು ಮಾತು. ನಮ್ಮ ಊರುಗಳಲ್ಲಿ ಡಿಟಿಪಿಯವರು ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಬರಹವನ್ನು ಹಾಗೆಯೇ ಸೈಟಿಗೆ ಹಾಕಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ, ಗೂಗಲ್‌ನಲ್ಲಿ ಹುಡುಕಿದರೂ ಸಿಗುವುದಿಲ್ಲ. ಯೂನಿಕೋಡಿಗೆ ಬದಲಿಸಿಯೇ ಹಾಕಿ. ಇನ್ನು ಮೊಬೈಲ್‌ನಲ್ಲಿ ತೆಗೆದ ಫೋಟೊ 4-5 ಎಂಬಿ ಇರುತ್ತದೆ. ಅದನ್ನು 200 ಕೆಬಿಯೊಳಗೆ ಇಳಿಸಿ. ಗಿರಾಕಿ ನೋಡುವುದು ಅಗ್ಗದ ಫೋನಿನಲ್ಲಿ, ನಮ್ಮ ಲ್ಯಾಬ್ ಕಂಪ್ಯೂಟರಿನಲ್ಲಿ ಅಲ್ಲ. ಹೋಸ್ಟಿಂಗ್‌ಗೆ ಹಣವಿಲ್ಲ ಎಂದು ಕೂರಬೇಕಾಗಿಲ್ಲ. ಗಿಟ್‌ಹಬ್ ಪೇಜಸ್‌ನಲ್ಲಿ ಪೋರ್ಟ್‌ಫೋಲಿಯೊ ಉಚಿತವಾಗಿ ಇಡಬಹುದು.

‘ಹಣ ಇರುವುದು ವಿದೇಶದ ಗಿರಾಕಿಗಳ ಹತ್ತಿರ, ಊರಿನ ಅಂಗಡಿಗಳಿಂದ ಏನು ಬರುತ್ತದೆ?’ ಎಂದು ಕೆಲವು ಗೆಳೆಯರು ಕೇಳುತ್ತಾರೆ. ಊರಿನಲ್ಲಿ ಸಿಗುವುದು ಕಡಿಮೆ ಎಂಬುದು ನಿಜ. ಆದರೆ ಅಪ್‌ವರ್ಕ್‌ನಂಥ ಕಡೆಯೂ ಮೊದಲು ಕೇಳುವುದು ‘ಏನು ಮಾಡಿದ್ದೀರಿ?’ ಎಂದೇ. ಅಲ್ಲಿ ತೋರಿಸಲು ಬೇಕಾದ ಕೆಲಸ ನಮ್ಮ ಬಜಾರಿನಲ್ಲೇ ಇದೆ.

ಎಲ್ಲಕ್ಕಿಂತ ಮುಖ್ಯವಾದದ್ದು ನಂಬಿಕೆ. ಗಿರಾಕಿಯ ಡೊಮೈನ್ ಅನ್ನು ತನ್ನ ಹೆಸರಿನಲ್ಲಿ ಕೊಂಡು, ಪಾಸ್‌ವರ್ಡ್ ತನ್ನಲ್ಲೇ ಇಟ್ಟುಕೊಂಡು, ಮುಂದೆ ಹೆಚ್ಚು ಹಣ ಕೇಳುವವರಿದ್ದಾರೆ. ಗಿರಾಕಿಯ ಪಾಸ್‌ವರ್ಡ್ ನಮ್ಮ ಬಳಿ ಇರುವ ಅಮಾನತ್. ‘ಡೊಮೈನ್ ನಿಮ್ಮ ಹೆಸರಿನಲ್ಲೇ, ಕೆಲಸ ಮುಗಿದ ದಿನ ಪಾಸ್‌ವರ್ಡ್ ನಿಮ್ಮ ಕೈಗೆ’ ಎಂದು ಪೋರ್ಟ್‌ಫೋಲಿಯೊದಲ್ಲಿ ಬರೆದು, ಹಾಗೆಯೇ ನಡೆದುಕೊಳ್ಳಿ. ಸಣ್ಣ ಊರಿನಲ್ಲಿ ಒಳ್ಳೆಯ ಹೆಸರೂ ಬೇಗ ಹರಡುತ್ತದೆ, ಕೆಟ್ಟ ಹೆಸರೂ ಅಷ್ಟೇ.

ನಮ್ಮ ಉಪನ್ಯಾಸಕರಲ್ಲಿ ಒಂದು ವಿನಂತಿ: ವಾರಕ್ಕೆ ಒಂದು ಗಂಟೆ ಲ್ಯಾಬ್ ಇದಕ್ಕಾಗಿ ತೆರೆದಿಡಿ. ಪ್ರತಿ ವಿದ್ಯಾರ್ಥಿ, ವಿದ್ಯಾರ್ಥಿನಿ ಊರಿನ ಒಂದು ಕಸುಬಿಗೆ ಒಂದು ಪುಟ ಮಾಡಲಿ. ಹೊರಗೆ ಹೋಗಿ ಕೆಲಸ ಮಾಡಲು ಆಗದ ಸಹೋದರಿಯರಿಗಂತೂ ಈ ಕೆಲಸ ಮನೆಯಲ್ಲೇ ತೆರೆಯುವ ಬಾಗಿಲು.