ಪುಕ್ಕಟೆ ಸೇವೆಗೆ ಪುಸ್ತಕ ಬೇಡವೇ?

ಉದ್ರಿ ಪುಸ್ತಕ ಇಡದ ಅಂಗಡಿಯವರು ಯಾರಿದ್ದಾರೆ ಹೇಳಿ? ಕಾಲು ಕೇಜಿ ಸಕ್ಕರೆ ಒಯ್ದವನ ಹೆಸರೂ ಅದರಲ್ಲಿ ಇರುತ್ತದೆ. ಬಸ್ಸಿನ ಕಂಡಕ್ಟರಿಗೂ ಬ್ಯಾಡ್ಜ್ ನಂಬರ್ ಉಂಟು. ಆದರೆ ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಪಾಠ ಹೇಳುವ, ರಜೆಯಲ್ಲಿ ಶಿಬಿರಕ್ಕೆ ಕರೆದೊಯ್ಯುವ ಸ್ವಯಂಸೇವಕ ಯಾರು, ಹಿಂದೆ ಎಲ್ಲಿದ್ದ, ಅಲ್ಲಿಂದ ಯಾಕೆ ಬಿಟ್ಟ ಅಂತ ಬರೆದಿಟ್ಟ ಪುಸ್ತಕ ಎಷ್ಟು ಕಡೆ ಇದೆ? ಕೇಳಿದರೆ, ‘ಪಾಪ, ಪುಕ್ಕಟೆ ದುಡೀತಾರೆ, ಅವರನ್ನೇನು ಕೇಳೋದು?’ ಅನ್ನುತ್ತಾರೆ.

ಈ ‘ಪಾಪ’ ಎಷ್ಟು ದುಬಾರಿ ಅನ್ನುವುದಕ್ಕೆ ಇಂಗ್ಲೆಂಡಿನ ಪ್ರಕರಣ ನೋಡಿ. ಜಾನ್ ಸ್ಮೈತ್ ಅಲ್ಲಿಯ ಹೆಸರಾಂತ ವಕೀಲ. ಕ್ರೈಸ್ತ ರಜಾ ಶಿಬಿರಗಳ ಮುಂದಾಳು. ಹುಡುಗರನ್ನು ಮನೆಗೆ ಕರೆಸಿ ರಕ್ತ ಬರುವಂತೆ ಬೆತ್ತದಲ್ಲಿ ಬಡಿಯುತ್ತಿದ್ದ. 1982ರಲ್ಲೇ ಇದು ಗೊತ್ತಾಗಿ, ವರದಿಯೂ ತಯಾರಾಯಿತು. ಆದರೆ ಅದು ನಾಲ್ಕಾರು ದೊಡ್ಡವರ ಕೈಯಲ್ಲೇ ಉಳಿಯಿತು, ಪೊಲೀಸರಿಗೆ ಹೋಗಲಿಲ್ಲ. 1984ರಲ್ಲಿ ಆಸಾಮಿ ಜಿಂಬಾಬ್ವೆಗೆ ಹೋದ. ಅಲ್ಲೂ ಶಿಬಿರ, ಅಲ್ಲೂ ಬಡಿತ. 2018ರಲ್ಲಿ ಶಿಕ್ಷೆಯಿಲ್ಲದೆಯೇ ಸತ್ತ. 2024ರ ನವೆಂಬರಿನಲ್ಲಿ ತನಿಖಾ ವರದಿ ಹೊರಬಂದಾಗ ಲೆಕ್ಕ ಸಿಕ್ಕಿತು: ನೂರಕ್ಕೂ ಹೆಚ್ಚು ಹುಡುಗರು, ಯುವಕರು. 2013ರಲ್ಲಿ ವಿಷಯ ತಿಳಿದರೂ ಬೆನ್ನು ಹತ್ತಲಿಲ್ಲ ಎಂಬ ಆಕ್ಷೇಪಕ್ಕೆ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ಕುರ್ಚಿ ಬಿಡಬೇಕಾಯಿತು.

ಗಮನಿಸಿ: ಅಲ್ಲಿ ಕಾಗದ ಇರಲಿಲ್ಲ ಅಂತಲ್ಲ, ಇತ್ತು! ಓದಬೇಕಾದವರ ಕೈಗೆ ಹೋಗಲಿಲ್ಲ, ಅಷ್ಟೆ. ಬೀಗದೊಳಗೆ ಕೊಳೆಯುವ ದಾಖಲೆ ಇದ್ದೂ ಇಲ್ಲದಂತೆ.

ನಮ್ಮಲ್ಲಿ? 2012ರ ಪೋಕ್ಸೋ ಕಾಯ್ದೆ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆದದ್ದು ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿದ್ದರೆ ಅದೇ ಅಪರಾಧ. ಕೈಕೆಳಗಿನವನ ಕೃತ್ಯ ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಜೈಲು. 2020ರ ನಿಯಮಗಳು ಮಕ್ಕಳ ಜೊತೆ ಒಡನಾಡುವ ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಆಗಾಗ ಆಗಬೇಕು ಅನ್ನುತ್ತವೆ. ಅಲ್ಲಿ ಇರುವುದು ನೌಕರರ ಮಾತು. ಸಂಬಳವಿಲ್ಲದ ಸ್ವಯಂಸೇವಕನ ಹೆಸರು ನೇರವಾಗಿ ಬರುವುದಿಲ್ಲ. ಸಂದು ಇರುವುದು ಇಲ್ಲೇ. ಅದನ್ನು ಸಭೆಯವರೇ ಮುಚ್ಚಬೇಕು.

ಇದಕ್ಕೆ ದೊಡ್ಡ ಆಫೀಸೇನೂ ಬೇಡ ಸ್ವಾಮೀ. ಹೆಸರು, ವಿಳಾಸ, ಗುರುತು ಪತ್ರ, ಹಿಂದಿನ ಊರಿನ ಇಬ್ಬರ ಮಾತು, ಪೊಲೀಸ್ ಪರಿಶೀಲನೆಯ ತಾರೀಕು. ದೂರು ಬಂದರೆ ಯಾವಾಗ ಬಂತು, ಯಾರಿಗೆ ತಿಳಿಸಿದಿರಿ, ಏನು ಮಾಡಿದಿರಿ, ಕೆಳಗೆ ಸಹಿ. ಕಪಾಟಿಗೆ ಬೀಗ ಇರಲಿ, ಕೀಲಿ ಒಬ್ಬನದೇ ಆಗದಿರಲಿ. ಪಾದ್ರಿ ವರ್ಗವಾದಾಗ, ಕಮಿಟಿ ಬದಲಾದಾಗ ಪುಸ್ತಕ ಎಣಿಸಿ ಒಪ್ಪಿಸಲಿ. ಹೋಟೆಲಿನಲ್ಲಿ ಚಾ ಕುಡಿಯುತ್ತಾ ಅದರ ಸುದ್ದಿ ಆಡುವುದು ಮಾತ್ರ ಬೇಡ.

ಒಳ್ಳೆಯ ಸ್ವಯಂಸೇವಕನಿಗೆ ಇದರಿಂದ ಅವಮಾನವೇನಿಲ್ಲ. ನಾಳೆ ಸುಳ್ಳು ದೂರು ಬಂದರೆ ಅವನ ಬೆನ್ನಿಗೆ ನಿಲ್ಲುವುದೂ ಇದೇ ಪುಸ್ತಕ. ಭಜನಾ ಮಂಡಳಿ, ಮದರಸಾ, ಬೇಸಿಗೆ ಶಿಬಿರದವರೂ ‘ಇದು ಚರ್ಚಿನ ಮಾತು’ ಅಂತ ಪುಟ ತಿರುಗಿಸಬೇಡಿ. ಮುಂದಿನ ಸಲ ಮಗುವನ್ನು ಬಿಡಲು ಹೋದಾಗ ತಂದೆತಾಯಿ ಒಂದೇ ಪ್ರಶ್ನೆ ಕೇಳಲಿ: ‘ಪುಸ್ತಕ ಎಲ್ಲಿದೆ?’ ತಡವರಿಸಿದರೆ, ಮಗುವನ್ನು ವಾಪಸು ಕರಕೊಂಡು ಬನ್ನಿ.